ಎಲ್ಲ ಕಡೆ ಬದಲಿಸು

“‘ಮೀನನ್ನು ಕೆಂಪಗಾಗುವ ತನಕ ಎಣ್ಣೆಯಲ್ಲಿ ಒಡೆಯಬೇಕು.’” ಯಜಮಾನರು ಗಟ್ಟಿಯಾಗಿ ಓದಿ ಹಾಳೆಯನ್ನು ಮೇಜಿನ ಮೇಲೆ ಎಸೆದರು. “ಏನಯ್ಯಾ ಇದು? ಮೀನು ಕರೀತಾರೋ, ಕಲ್ಲು ಒಡೆದ ಹಾಗೆ ಒಡೀತಾರೋ?”

ಕರಡು ತಿದ್ದುವವನ ಕಿವಿ ಬಿಸಿಯಾಯಿತು. ಹತ್ತೊಂಬತ್ತು ವರ್ಷ ಊರವರ ಬರಹದಲ್ಲಿ ಒತ್ತು, ದೀರ್ಘದ ತಪ್ಪು ಹೆಕ್ಕಿದವನು ತನ್ನ ಸ್ವಂತ ಕಳ್ಳತನದಲ್ಲಿ ಒಂದು ಮೀನಿಗೆ ಸಿಕ್ಕಿಬಿದ್ದಿದ್ದ.

ಕಳ್ಳತನ ಇಷ್ಟೇ. ಯಜಮಾನರು ತಾವೇ ಬರೆದು ತಮ್ಮದೇ ಮುದ್ರಣಾಲಯದಲ್ಲಿ ಅಚ್ಚು ಹಾಕುವ ರಕ್ತಪಿಶಾಚಿ ಕಾದಂಬರಿಯ ಮೂರನೇ ಭಾಗ ಸಿದ್ಧವಾಗಿತ್ತು. ರಕ್ತ ಹೀರುವವನಿಗೆ ಅದರಲ್ಲಿ ಹೆಸರಿಲ್ಲ, ಬರೀ ‘ಕರಿಯ’. ಹೊಳೆಯಾಚೆಯ ಗುಡಿಸಲುಗಳಿಂದ ಬರುತ್ತಾನೆ, ಬೆಳ್ಳಗಿನ ಹುಡುಗಿಯರ ಕೊರಳಿಗೆ ಬಾಯಿ ಹಾಕುತ್ತಾನೆ, ಕನ್ನಡಿಯಲ್ಲಿ ಕಾಣಿಸುವುದಿಲ್ಲ. ಬಂಗಲೆಯ ಒಡೆಯ ಬಂದೂಕು ಹಿಡಿದು ಊರನ್ನು ಕಾಪಾಡುತ್ತಾನೆ. ಕರಡು ತಿದ್ದುವವನು ನಿನ್ನೆ ಕಂಪ್ಯೂಟರಿನಲ್ಲಿ ಒಂದೇ ಗುಂಡಿ ಒತ್ತಿ, ‘ಕರಿಯ’ ಇದ್ದಲ್ಲೆಲ್ಲ ‘ಒಡೆಯ’ ಮಾಡಿದ್ದ. ಒಡೆಯನನ್ನು ಒಡೆಯನೇ ಅಟ್ಟಿಸಿಕೊಂಡು ಹೋಗುವಂತಾಗಿತ್ತು. ಹೋಗಲಿ, ಕಚ್ಚಾಡಿಕೊಂಡು ಸಾಯಲಿ ಎಂದುಕೊಂಡಿದ್ದ. ಬಂಗಲೆಯ ಅಡುಗೆಮನೆಯಲ್ಲಿ ‘ಕರಿಯಬೇಕು’ ಎಂದಿದ್ದ ಮೀನು ನೆನಪಾಗಲಿಲ್ಲ.

“ಬಾಯಿ ಬಿಡು. ಯಾಕೆ ಮಾಡ್ದೆ?”

“ಎರಡನೇ ಭಾಗ ಬಂದಾಗಿಂದ ನನ್ನ ಮಗಳ ಪಕ್ಕ ಕ್ಲಾಸಲ್ಲಿ ಯಾರೂ ಕೂರಲ್ಲ ಸಾರ್. ಕರಿಯನ ಮಗಳು, ಕಚ್ತಾಳೆ ಅಂತಾರೆ. ನಗೋದೇ ಬಿಟ್ಟಿದಾಳೆ. ಹಲ್ಲು ಕಾಣುತ್ತಂತೆ.”

ದಿನಾ ಬೆಳಿಗ್ಗೆ ಅವಳು ಎರಡು ಸಲ ಕನ್ನಡಿಗೆ ಹೋಗುತ್ತಾಳೆ. ತಲೆ ಬಾಚಲು ಒಮ್ಮೆ, ತಾನು ಕಾಣುತ್ತೇನೋ ಇಲ್ಲವೋ ನೋಡಲು ಒಮ್ಮೆ. ಅದನ್ನು ಅವನು ಹೇಳಲಿಲ್ಲ. ಈ ಮನುಷ್ಯನಿಗೆ ಅದನ್ನೂ ಕೊಟ್ಟರೆ ನಾಲ್ಕನೇ ಭಾಗಕ್ಕೆ ಹಾಕಿಕೊಂಡಾನು.

“ಕತೆ ಕಣಯ್ಯಾ, ಕತೆ! ಓದೋರಿಗೆ ಹೆದರಿಕೆ ಆಗ್ಬೇಡ್ವಾ? ಬೆಳ್ಳಗಿರೋನ್ನ ನೋಡಿ ಯಾರು ಹೆದರ್ತಾರೆ?”

“ನಾನು ಹೆದರ್ತೀನಿ ಸಾರ್.”

ಯಜಮಾನರು ಅವನನ್ನೇ ನೋಡಿದರು. ಆಮೇಲೆ ನಕ್ಕರು. “ನಿನ್ನನ್ನೂ ನಾವು ಕರಿಯಾ ಅಂತಾನೇ ಕೂಗೋದು, ಪ್ರೀತಿಯಿಂದ. ಇಷ್ಟು ವರ್ಷ ಇಲ್ಲದ ರೋಷ ಈಗೆಲ್ಲಿಂದ ಬಂತು? ನೋಡು, ಊಟದ ಹೊತ್ತಿಗೆ ಮಿಷನ್ ಓಡ್ಬೇಕು. ಮೊದಲಿದ್ದ ಹಾಗೇ ಮಾಡು. ಆಗಲ್ವಾ, ಚಪ್ಪಲಿ ಮೆಟ್ಕೊಂಡು ಮನೆಗೆ ನಡಿ.”

ಚಪ್ಪಲಿ ಬಾಗಿಲ ಬಳಿಯೇ ಇತ್ತು. ಎತ್ತಿ ಈ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಐವತ್ತು ದಾಟಿದ ಕರಡು ತಿದ್ದುವವನನ್ನು ಬೇರೆ ಯಾರು ಇಟ್ಟುಕೊಂಡಾರು? ರೋಷ ತಿಂದರೆ ಹೊಟ್ಟೆ ತುಂಬೀತೇ? ಹೋಗಿ ಕುಳಿತ. ‘ಒಡೆಯ’ ಎಂದು ಒತ್ತಿದ, ಅದರ ಜಾಗಕ್ಕೆ ‘ಕರಿಯ’. ಎಲ್ಲ ಕಡೆ ಬದಲಿಸು. ಮೀನು ಮತ್ತೆ ಎಣ್ಣೆಗೆ ಬಿತ್ತು.

ಹೊಸ ಪ್ರತಿ ಬಿಸಿಯಾಗಿ ಹೊರಬಂತು. ಸೋರುವ ಕೆಂಪು ಪೆನ್ನು ಹಿಡಿದು, ಅಭ್ಯಾಸದಂತೆ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದ. ಬಂಗಲೆಯ ಕರಿಯನು ಬಂದೂಕು ಒರೆಸುತ್ತಿದ್ದ. ಊರಿನವರು ಎದ್ದುನಿಂತು ಕರಿಯನಿಗೆ ಕೈಮುಗಿಯುತ್ತಿದ್ದರು. ಮೊದಲಿಂದ ಒಡೆಯನಾಗಿದ್ದವನೂ ಗುಂಡಿಯ ಬಾಯಿಗೆ ಬಿದ್ದಿದ್ದಾನೆ ಎಂದು ಹೊಳೆದದ್ದು ಆಗಲೇ. ಅದೇ ತಪ್ಪು, ಎರಡನೇ ಸಲ. ಈ ಸಲ ಕಿವಿ ಬಿಸಿಯಾಗಲಿಲ್ಲ.

ಮತ್ತೆ ಎಂಜಲು ಹಚ್ಚಿ ಮೊದಲ ಪುಟಕ್ಕೆ ಬಂದ. ಯಜಮಾನರ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ: ‘ಲೇಖಕರು, ಈ ಮುದ್ರಣಾಲಯದ ಕರಿಯರು.’

“ಸಹಿ ಹಾಕಯ್ಯಾ, ಎಷ್ಟೊತ್ತು!” ಒಳಗಿಂದ ಕೂಗು ಬಂತು.

“ಹಾಕ್ದೆ ಸಾರ್.”

‘ತಪ್ಪಿಲ್ಲ. ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಮಾಡಿದ. ಆಚೆ ಕೋಣೆಯಲ್ಲಿ ಮಿಷನ್ ಒಮ್ಮೆ ಕೆಮ್ಮಿ ಓಡತೊಡಗಿತು. ಎದುರಿನ ಬಾಗಿಲ ಗಾಜಿನಲ್ಲಿ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ತುಟಿಯಂಚಿಗೆ ಕೆಂಪು ಮಸಿ ಹತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.