ಮುಚ್ಚಲಾಗುವುದು

ನಾನೊಂದು ಮೈಕು. ದೂರದ ಕಾರ್ಖಾನೆಯೊಂದರಲ್ಲಿ ಒಬ್ಬ ಹೆಂಗಸು ನನ್ನೊಳಗೆ ತೆಳುವಾದ ಪೊರೆ ಕೂರಿಸಿದಳು. ಉಸಿರು ತಗುಲಿದರೆ ಅದು ನಡುಗುತ್ತದೆ. ಯಾರ ಉಸಿರೆಂದು ಅದಕ್ಕೆ ತಿಳಿಯದು.

ತಾಲ್ಲೂಕು ಪೇಟೆಯಲ್ಲಿ ಧ್ವನಿವರ್ಧಕ ಬಾಡಿಗೆಗೆ ಕೊಡುವ ಮೌಲಾಸಾಬರು ನನ್ನನ್ನು ಕೊಂಡರು. ಮದುವೆ, ನಾಟಕ, ಉರುಸು ಎಂದು ಅಲೆದೆ. ಆಮೇಲೆ ಅಧಿಕಾರಿಗಳ ಜನಸ್ಪಂದನ ಸಭೆಗಳೇ ನನ್ನ ಪಾಲಿಗೆ ಬಂದವು. ಜನರ ದೂರುಗಳು ನೂರು ಬಗೆ. ಉತ್ತರಗಳಿಗೆ ಮಾತ್ರ ಬಾಲ ಒಂದೇ. ನೋಡಲಾಗುವುದು, ಪರಿಶೀಲಿಸಲಾಗುವುದು, ಸರಿಪಡಿಸಲಾಗುವುದು. ನೋಡುವವರು ಯಾರೆಂಬುದು ನನ್ನ ಕಿವಿಗೆ ಬಿದ್ದದ್ದೇ ಇಲ್ಲ.

ಕರಿಗೋಳವೆಂಬ ಹಳ್ಳಿಯ ಅಂಗನವಾಡಿ ಬಾಗಿಲಲ್ಲಿ ನೀರಿನ ಪೈಪಿಗೆಂದು ಗುಂಡಿ ತೋಡಿ ಹಾಗೇ ಬಿಟ್ಟಿದ್ದರು. ಅಲ್ಲಿನ ಸಹಾಯಕಿ ಶಂಕ್ರವ್ವ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ದಾಟಿಸುತ್ತಿದ್ದಳು. ಹಿಂದಿನ ಸಭೆಯಲ್ಲಿ ಹೇಳಿಕೊಂಡಾಗ, ಮುಚ್ಚಲಾಗುವುದು ಎಂದಿದ್ದರು. ಅಷ್ಟರಲ್ಲಿ ಮಳೆಯಾಗಿ ಗುಂಡಿ ತುಂಬಿತು. ಒಂದು ಕೂಸು ಜಾರಿ ಬಿತ್ತು. ಶಂಕ್ರವ್ವ ಧುಮುಕಿ ಎತ್ತಿದ್ದರಿಂದ ಉಳಿಯಿತು.

ಈ ಸಲ ಅವಳು ಬಂದಾಗ ನಾನು ಅವಳ ಹಣೆಗಿಂತ ಎತ್ತರದಲ್ಲಿದ್ದೆ. ಮೌಲಾಸಾಬರು ಎದ್ದು ಬಂದು ಸ್ಟ್ಯಾಂಡು ಇಳಿಸಿ, ನನ್ನನ್ನು ಅವಳ ಬಾಯಿಯತ್ತ ಬಾಗಿಸಿದರು.

ಎಲ್ಲವನ್ನೂ ಕೇಳಿದ ನೀರಿನ ಇಲಾಖೆಯ ಎಂಜಿನಿಯರು ವೇದಿಕೆಯ ಮೇಲೆ ಕುಳಿತಲ್ಲಿಂದಲೇ, "ಆತವ್ವಾ, ಮುಚ್ಚಲಾಗುವುದು" ಎಂದರು.

"ಯಾರ್ ಮುಚ್ಚತಾರ್ರಿ?"

"ಇಲಾಖೆಯಿಂದ ಮುಚ್ಚಲಾಗುವುದು."

"ಇಲಾಖೆಗ ಕೈ ಅದಾವೇನ್ರಿ, ಸಾಹೇಬ್ರ? ಬಿದ್ದ ಕೂಸಿಗೆ ಹೆಸರೈತ್ರಿ. ಮುಚ್ಚೋರಿಗೂ ಒಂದ್ ಹೆಸರ ಇರ್ಲಿ."

ಸಭೆ ನಕ್ಕಿತು. ಶಂಕ್ರವ್ವ ನಗಲಿಲ್ಲ, ನಿಂತ ಜಾಗ ಬಿಡಲೂ ಇಲ್ಲ. ವೇದಿಕೆಯಿಂದ ಯಾರೋ ಮೈಕು ಆರಿಸುವಂತೆ ಸನ್ನೆ ಮಾಡಿದರು. ಮೌಲಾಸಾಬರು ಆಗಷ್ಟೇ ಕನ್ನಡಕ ತೆಗೆದು ಒರೆಸತೊಡಗಿದ್ದರು. ಸನ್ನೆ ಅವರಿಗೆ ಕಾಣಲಿಲ್ಲ.

"ಕೇಳೂದು ಸರಿ ಐತಿ, ಹೆಸರ ಹೇಳ್ರಿ" ಎಂದರು ತಹಸೀಲ್ದಾರರು.

ಎಂಜಿನಿಯರು ಎದ್ದು ನನ್ನ ಬಳಿ ಬಂದರು. "ನಾನು, ವೀರಭದ್ರ ಕಮತಗಿ. ನಾಳೆ ಸಂಜಿಯೊಳಗ ನಾನ ನಿಂತು ಮುಚ್ಚಸ್ತೀನಿ."

ಮರುದಿನ ಅವರು ಕೊಡೆ ಹಿಡಿದು ನಿಂತು ಮಣ್ಣು ತುಂಬಿಸಿದರೆಂದೂ, ಶಂಕ್ರವ್ವ ಅವರಿಗೆ ಚಹಾ ಕೊಟ್ಟಳೆಂದೂ ಮೌಲಾಸಾಬರ ಅಂಗಡಿಗೆ ಬಂದವರು ಹೇಳಿದರು.

ನನಗೀಗ ವಯಸ್ಸಾಗಿದೆ. ಪೊರೆ ಹರಿದ ಮೇಲೆ ಮೌಲಾಸಾಬರು ನನ್ನನ್ನು ಅದೇ ಅಂಗನವಾಡಿಗೆ ಆಟಕ್ಕೆಂದು ಕೊಟ್ಟರು. ಬಾಗಿಲ ಮುಂದೆ ಗಟ್ಟಿ ನೆಲವಿದೆ. ಮಕ್ಕಳು ತಾವೇ ಓಡಿ ಬರುತ್ತಾರೆ. ಸಂಜೆ ಶಂಕ್ರವ್ವ, ಆಟದ ಸಾಮಾನು ಎತ್ತಿಡುವವರು ಯಾರೆಂದು ಕೇಳುತ್ತಾಳೆ. ಯಾವುದೋ ಕೂಸು ನನ್ನನ್ನು ಬಾಯಿಗೆ ಹಿಡಿದು, ಮನೆತನದ ಅಡ್ಡಹೆಸರೂ ಸೇರಿಸಿ ತನ್ನ ಹೆಸರು ಹೇಳುತ್ತದೆ.

ನನ್ನಿಂದ ಸದ್ದು ಹೊರಡುವುದಿಲ್ಲ. ಆದರೂ ಎಲ್ಲರಿಗೂ ಕೇಳಿಸುತ್ತದೆ.