ಹತ್ತನೇ ದಿನ ಮತ್ತೆ ಶುರುವಾದ ರಕ್ತ

"ಬಾಣಂತಿಗೆ ರಕ್ತ ಹೋಗೋದೇನು ಹೊಸದಾ? ಹೋಗ್ಲಿ ಬಿಡು, ಮೈ ಹಗುರಾಗುತ್ತೆ."

ಬೆಳಗಿನಿಂದ ಹೊಲಿಗೆಯಮ್ಮ ಸೊಸೆಗೆ ಹೀಗೆ ಹೇಳಿದ್ದು ಇದು ಮೂರನೇ ಸಲ. ಹೇಳಿ ಬಂದು ಮಿಷನ್ ಮುಂದೆ ಕೂತರೂ ಅವರ ಮನಸ್ಸು ನಿಲ್ಲುತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವುದು, ಎದ್ದು ಒಳಗೆ ಇಣುಕುವುದು. ಸಿಸೇರಿಯನ್ ಆಗಿ ಹತ್ತು ದಿನ. ಕಡಿಮೆಯಾಗುತ್ತಾ ಬಂದಿದ್ದ ರಕ್ತ ಇವತ್ತು ಇದ್ದಕ್ಕಿದ್ದಂತೆ ಜಾಸ್ತಿಯಾಗಿತ್ತು. ಸೊಸೆಯ ತುಟಿ ಬಿಳಿಚಿಕೊಂಡಿತ್ತು.

ಅಷ್ಟರಲ್ಲಿ ಮಗುವಿನ ತೂಕ ನೋಡಲು ಚೀಲದಕ್ಕ ಬಂದಳು. ಹೆಗಲಿಂದ ಚೀಲ ಇಳಿಸದೆ ಬೀದಿಬೀದಿ ಸುತ್ತುವ ಆರೋಗ್ಯ ಕಾರ್ಯಕರ್ತೆಗೆ ಜನ ಇಟ್ಟ ಹೆಸರು ಅದು.

"ಎಷ್ಟು ಪ್ಯಾಡ್ ಬದಲಾಯಿಸಿದೆ?" ಎಂದು ಬಾಣಂತಿಯನ್ನೇ ಕೇಳಿದಳು.

"ಐದಾಯ್ತಕ್ಕ. ಈಗಿಂದು ಅರ್ಧ ಗಂಟೆಗೇ ನೆನೆದು ಹೋಯ್ತು. ಎದ್ದು ಕೂತರೆ ಕಣ್ಣು ಕತ್ತಲೆ ಬರುತ್ತೆ."

ಚೀಲದಕ್ಕ ನಾಡಿ ಹಿಡಿದು ನೋಡಿದವಳೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು.

"ಮಗ ಕೆಲಸ ಮುಗಿಸಿ ಬರಲಿ, ಅವನನ್ನ ಒಂದು ಮಾತು ಕೇಳಿ..." ಹೊಲಿಗೆಯಮ್ಮ ರಾಗ ಎಳೆದರು.

"ಅವನು ಸೀದಾ ಆಸ್ಪತ್ರೆಗೇ ಬರಲಿ, ಅಮ್ಮ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ರಕ್ತದ ದೊಡ್ಡ ಗಡ್ಡೆ ಬಿದ್ದರೆ, ತಲೆ ಸುತ್ತಿದರೆ ಕಾಯೋ ಹಾಗಿಲ್ಲ. ಹೆರಿಗೆಯಾಗಿ ವಾರಗಳಾದ ಮೇಲೂ ಹೀಗೆ ಆಗಬಹುದು."

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಸ್ಕ್ಯಾನ್ ಮಾಡಿದರು. ಮಗ ಓಡೋಡಿ ಬಂದ. ಡಾಕ್ಟರಮ್ಮ ಎಲ್ಲರೆದುರು ಬಿಡಿಸಿ ಹೇಳಿದರು.

"ಗರ್ಭಕೋಶದ ಒಂದು ರಕ್ತನಾಳಕ್ಕೆ ಪೆಟ್ಟಾಗಿ ಅಲ್ಲಿಂದ ರಕ್ತ ಸೋರ್ತಿದೆ. ಔಷಧಿಗೆ ನಿಲ್ತಾ ಇಲ್ಲ. ತೊಡೆಯ ಬುಡದಲ್ಲಿ ಸಣ್ಣ ತೂತು ಮಾಡಿ, ಸಪೂರ ನಳಿಕೆ ತೂರಿಸಿ, ಎಕ್ಸ್‌-ರೇಯಲ್ಲಿ ನೋಡ್ತಾ ಆ ನಾಳವನ್ನ ಒಳಗಿಂದಲೇ ಮುಚ್ತೀವಿ. ಹೊಟ್ಟೆ ಕೊಯ್ಯಲ್ಲ."

"ನಾಳ ಮುಚ್ಚಿದರೆ ಗರ್ಭಕೋಶ ಒಣಗಿ ಹೋಗಲ್ವಾ? ಮುಂದೆ ಮಕ್ಕಳಾಗುತ್ತಾ?" ಹೊಲಿಗೆಯಮ್ಮ ಕೇಳಿದರು.

"ಅಕ್ಕಪಕ್ಕದ ನಾಳಗಳಿಂದ ಅದಕ್ಕೆ ರಕ್ತ ಸಿಗುತ್ತೆ. ಹೆಚ್ಚಿನವರಿಗೆ ಮುಟ್ಟು ಮತ್ತೆ ಬರುತ್ತೆ. ಆಮೇಲೆ ಮತ್ತೆ ಮಕ್ಕಳನ್ನ ಹೆತ್ತವರೂ ಇದ್ದಾರೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಮಾತು ಕೊಡಲಾರೆ. ಇದರಿಂದ ರಕ್ತ ನಿಲ್ಲದೇ ಇದ್ದರೆ ಆಪರೇಷನ್ ಬೇಕಾಗುತ್ತೆ, ಗರ್ಭಕೋಶವನ್ನೇ ತೆಗೆಯೋ ಪರಿಸ್ಥಿತಿ ಬರಬಹುದು. ಆದರೆ ತಡ ಮಾಡಿದಷ್ಟೂ ಉಳಿದಿರೋ ದಾರಿ ಕಮ್ಮಿಯಾಗುತ್ತೆ."

ಮಗ ಅಮ್ಮನ ಮುಖ ನೋಡಿದ. ಸೊಸೆ ಮಲಗಿದ್ದಲ್ಲಿಂದಲೇ ಕೈ ಚಾಚಿದಳು. "ಕಾಗದ ಕೊಡಿ ಡಾಕ್ಟರೇ, ನಾನೇ ಸಹಿ ಹಾಕ್ತೀನಿ."

ಅವಳನ್ನು ಒಳಗೆ ಕರೆದೊಯ್ದರು, ಬಾಗಿಲು ಮುಚ್ಚಿಕೊಂಡಿತು. ಹೊಲಿಗೆಯಮ್ಮ ಬೆಂಚಿನಲ್ಲಿ ಕೂತರು, ಎದ್ದರು, ಗೋಡೆಯ ತನಕ ಹೋಗಿ ಬಂದರು. ಗಡಿಯಾರ ನೋಡಿದರೆ ಐದೇ ನಿಮಿಷ ಆಗಿತ್ತು. ಜೊತೆಗೆ ಬಂದಿದ್ದ ಚೀಲದಕ್ಕನ ಮಡಿಲಲ್ಲಿ ಮಗು ಅಳುತ್ತಿತ್ತು.

"ನನ್ನ ತಂಗಿನೂ ಹೀಗೇ ಹೋದಳು," ಎಂದರು ಕೊನೆಗೆ. "ಎಂಟನೇ ದಿನ. ಆವತ್ತೂ ನಾವೆಲ್ಲ ಹೋಗ್ಲಿ ಬಿಡು ಅಂತಲೇ ಅಂದಿದ್ವಿ. ಗೊತ್ತಿದ್ದೂ ಇವತ್ತು ನನ್ನ ಬಾಯಲ್ಲಿ ಅದೇ ಮಾತು ಬಂತಲ್ಲ."

ಚೀಲದಕ್ಕ ಮಗುವನ್ನು ಅವರ ಕೈಗಿಟ್ಟಳು.

ಒಂದೂವರೆ ಗಂಟೆ ಕಳೆದು ಡಾಕ್ಟರಮ್ಮ ಹೊರಬಂದರು. "ರಕ್ತ ನಿಂತಿದೆ. ಗರ್ಭಕೋಶ ಉಳಿದಿದೆ." ಹೊಲಿಗೆಯಮ್ಮ ಮಗುವನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅದಾದ ಐದನೇ ದಿನ ಸೊಸೆ ನಡೆದುಕೊಂಡೇ ಮನೆಯೊಳಗೆ ಬಂದಳು. ಅತ್ತೆ ಅವಳ ಕೈ ಹಿಡಿದು, "ಇನ್ನು ಮೇಲೆ ನೀನು ಹೇಳಿದ್ದನ್ನ ಮೊದಲು ಕೇಳ್ತೀನಿ," ಎಂದರು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಬಾಣಂತಿ ಇರಬಹುದು. ದಿನಕ್ಕೊಮ್ಮೆಯಾದರೂ ಅವಳನ್ನು ಕೇಳಿ: ರಕ್ತ ಎಷ್ಟು ಹೋಗ್ತಿದೆ? ಹೆಚ್ಚಾಗಿದೆ ಎಂದರೆ ಯಾರ ಒಪ್ಪಿಗೆಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ನಾಳ ಮುಚ್ಚುವ ಈ ಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಎಲ್ಲಿದೆ ಎಂದು ಹೆರಿಗೆಗೆ ಮುಂಚೆಯೇ ನಿಮ್ಮ ಡಾಕ್ಟರನ್ನು ವಿಚಾರಿಸಿಟ್ಟುಕೊಳ್ಳಿ. "ಹೋಗ್ಲಿ ಬಿಡು" ಎಂದು ಯಾರಾದರೂ ಅಂದರೆ, ಅಷ್ಟರಲ್ಲಿ ನೀವು ಆಂಬ್ಯುಲೆನ್ಸಿಗೆ ಫೋನ್ ಮಾಡಿರಿ.