ಕುದಿಯದೆ ಉಳಿದ ಕರಿ ನಸುಗುನ್ನಿ ಕಾಳು

ನಾನೊಂದು ನಸುಗುನ್ನಿ ಕಾಳು. ಬಣ್ಣ ಕಪ್ಪು, ಜಂಬಕ್ಕೇನೂ ಕಡಿಮೆಯಿಲ್ಲ. ಖಾನಾಪುರದ ಕಡೆಯ ಒಂದು ಬೇಲಿಯ ಮೇಲೆ, ಮುಟ್ಟಿದವರಿಗೆ ಮೈಯೆಲ್ಲ ತುರಿಕೆ ಹತ್ತಿಸುವ ಕಾಯಿಯೊಳಗೆ ಹುಟ್ಟಿದೆ. ಕೈಗೆ ಗೋಣಿತಟ್ಟು ಸುತ್ತಿಕೊಂಡು, ನಮ್ಮ ಕುಲವನ್ನೆಲ್ಲ ಬೈಯುತ್ತಲೇ ಬಿಡಿಸಿದವಳು ಅದೇ ಊರಿನ ನೀಲಾಂಬಿಕಾ. ಧಾರವಾಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು.

ಅವಳ ಪ್ರಯೋಗಾಲಯದಲ್ಲಿ ಬಿಳಿ ತಳಿಯವರೂ ಚುಕ್ಕೆ ತಳಿಯವರೂ ನಮಗೆ ಜೊತೆಯಾದರು. ಯಾರ ಸಾರದಲ್ಲಿ ಆಂಟಿಆಕ್ಸಿಡೆಂಟ್ ಗುಣ ಹೆಚ್ಚು ಎಂಬುದೇ ಅವಳ ಹುಡುಕಾಟ. ನೇರಳೆ ಬಣ್ಣದ ದ್ರಾವಣಕ್ಕೆ ನಮ್ಮ ಸಾರ ಬೆರೆಸಬೇಕು. ಗುಣವಿದ್ದರೆ ಅದು ಹಳದಿಗೆ ತಿರುಗಬೇಕು.

"ಏನೂ ಇಲ್ಲದ ತಳೀನ ಮುಂದಿನ ಮಳಿಗಾಲಕ್ಕ ಬಿತ್ತೂದಿಲ್ಲ ನೋಡವಾ," ಎಂದಿದ್ದರು ಅವಳ ಗೈಡ್ ಹೊಸಮನಿ ಮೇಡಂ. ನಾನು ಹುಟ್ಟಿದ ಬೇಲಿಯನ್ನು ಆಗಲೇ ಕಡಿದಿದ್ದರು. ಬಿತ್ತದಿದ್ದರೆ ನಮ್ಮ ವಂಶ ಅಲ್ಲಿಗೇ ಮುಗಿಯಿತು.

ನನ್ನ ಒಡಹುಟ್ಟಿದವರು ಪುಡಿಯಾದರು, ಸಾರವಾದರು. ಮೂರೂ ತಳಿಯ ನಳಿಕೆಗಳಲ್ಲಿ ನೇರಳೆ ಮಾತ್ರ ಕದಲಲಿಲ್ಲ. ಮತ್ತೆ ಮಾಡಿದಳು. ಊಹೂಂ!

"ಹೊಳ್ಯಾಗ ಹುಣಸಿಹಣ್ಣು ತೊಳದಂಗಾತಲ್ರೀ ಮೇಡಂ!" ನೀಲಾಂಬಿಕಾ ನಳಿಕೆಯನ್ನು ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡಳು.

"ಅಳಬ್ಯಾಡ. ಕಾಳಿಗೆ ಏನೇನ್ ಮಾಡಿದಿ, ಮೊದಲಿಂದ ಹೇಳು."

"ನೆನಸಿದೆ, ಸಿಪ್ಪಿ ಸುಲಿದೆ. ಮತ್ತ ಮತ್ತ ಕುದಿಸಿ ನೀರು ಚೆಲ್ಲಿದೆ. ಇಲ್ಲಾಂದ್ರ ತಲಿ ತಿರಗತೈತಲ್ರೀ."

ಮೇಡಂ ಹಣೆ ಹಣೆ ಬಡಿದುಕೊಂಡು ನಕ್ಕರು. "ಅಯ್ಯ ಹುಚ್ಚವ್ವಾ, ಪಲ್ಯಾ ಮಾಡೀಯಲ್ಲ! ತಿನ್ನೋರಿಗೆ ಅದು ಬರೋಬ್ಬರಿ. ನಾವು ಹುಡುಕೂದು ಆ ಸಿಪ್ಯಾಗ, ಆ ಕರೀ ನೀರಾಗ ಇತ್ತು."

ಪಾಪ, ಅವಳ ತಪ್ಪೆಂದರೆ ತಪ್ಪೂ ಅಲ್ಲ. ಅವಳ ಊರಲ್ಲಿ ಆ ನೀರು ಚೆಲ್ಲದೆ ನಸುಗುನ್ನಿಯ ಗಡಿಗೆ ಒಲೆಯಿಂದ ಇಳಿಯುವುದಿಲ್ಲ. ಅವ್ವನ ಒಲೆಯ ರೂಢಿ ಕೈಗೆ ಬಂದಿತ್ತು, ಅಷ್ಟೇ.

ಕರಿ ಕಾಳು ಉಳಿದದ್ದು ಒಂದೆರಡು ಹಿಡಿ. ಅದರಲ್ಲಿ ಅರ್ಧದಷ್ಟನ್ನು ಸಿಪ್ಪೆಸಮೇತ ಹಸಿಯಾಗಿಯೇ ಅರೆದಳು; ಬಿಳಿ, ಚುಕ್ಕೆ ಕಾಳುಗಳನ್ನೂ ಹಾಗೆಯೇ ಅರೆದಳು. ಮೂರೂ ತಳಿಯ ನಳಿಕೆಗಳನ್ನು ಕತ್ತಲಲ್ಲಿಟ್ಟು ಬೆರಳು ಕಚ್ಚುತ್ತ ಕಾದಳು. ಹೊರತೆಗೆದಾಗ ಎಲ್ಲದರ ನೇರಳೆ ಬಣ್ಣವೂ ತಿಳಿಯಾಗಿತ್ತು. ನಮ್ಮದು ಅಪ್ಪಟ ಹಳದಿ! ಹುಡುಗಿ ಮೇಡಂ ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೇಬಿಟ್ಟಳು.

"ಸಾಕು ಬಿಡ. ಉಳಿದದ್ದನ್ನ ಬಿತ್ತಾಕ ತಗದಿಡು," ಎಂದರು ಮೇಡಂ. ಅವರ ಕಣ್ಣೂ ಒದ್ದೆಯಾಗಿತ್ತು.

ಉಳಿದವರೆಲ್ಲ ಮಣ್ಣು ಸೇರಿದರು. ನನ್ನೊಬ್ಬನನ್ನು ಮಾದರಿಗೆಂದು ಗಾಜಿನ ಶೀಶೆಯಲ್ಲಿಟ್ಟರು. ಈಗ ಮುದಿಯಾಗಿದ್ದೇನೆ. ಬಿತ್ತಿದರೂ ಮೊಳೆಯಲಾರೆ. ಮೊದಮೊದಲು ಹೊಟ್ಟೆಯುರಿಯುತ್ತಿತ್ತು, ಸುಳ್ಳೇಕೆ ಹೇಳಲಿ? ಆದರೆ ಕಿಟಕಿಯಾಚೆ ನನ್ನವರ ಬಳ್ಳಿ ಚಪ್ಪರ ಮೀರಿ ಹಬ್ಬಿದೆ. ಈ ವರ್ಷ ಮೊಮ್ಮಕ್ಕಳೂ ಕಾಯಿಗಟ್ಟಿದ್ದಾರೆ. ಸದ್ಯ, ಬದುಕಿದೆವು. ನಾನು ಮೊಳೆಯದಿದ್ದರೇನಂತೆ!